ಕಳ್ಳ ಯಾರೆಂದು ಕಥೆ ಕಟ್ಟಿದವನಿಗೂ ಗೊತ್ತಿಲ್ಲ!

ಮಕ್ಕಳೇ, ಒಬ್ಬರೇ ಕಣ್ಣಾಮುಚ್ಚಾಲೆ ಆಡಲು ಸಾಧ್ಯವೇ? ನಾವೇ ಅವಿತುಕೊಂಡು ನಾವೇ ಹುಡುಕುವುದು ಹೇಗೆ? ಅವಿತ ಜಾಗ ನಮಗೆ ಮೊದಲೇ ಗೊತ್ತಿರುತ್ತದಲ್ಲ! ಪತ್ತೇದಾರಿ ಕಥೆಯ ಪಾಡೂ ಇಷ್ಟೇ. ಬೇರೆಯವರು ಬರೆದದ್ದನ್ನು ಓದುವಾಗ ಕಳ್ಳ ಯಾರೆಂಬ ಕುತೂಹಲ ಕೊನೆಯ ಪುಟದವರೆಗೂ ಇರುತ್ತದೆ. ಅಂಥದ್ದೇ ಒಂದನ್ನು ನಾವು ಬರೆಯಲು ಕುಳಿತರೆ, ಮೊದಲ ಸಾಲು ಬರೆಯುವ ಮುಂಚೆಯೇ ಕಳ್ಳನನ್ನು ಆರಿಸಿಬಿಟ್ಟಿರುತ್ತೇವೆ. ಇನ್ನು ಕುತೂಹಲ ಎಲ್ಲಿಂದ ಬರಬೇಕು?

ಕಥೆ ಕಟ್ಟುವವನಿಗೇ ಮುಂದೇನೆಂದು ತಿಳಿಯದಂತೆ ಮಾಡುವ ಉಪಾಯವೊಂದಿದೆ. ಅದಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲ್, ಒಂದೆರಡು ದಾಳ. ಈ ಉಪಾಯ ನನಗೆ ಬಹಳ ಇಷ್ಟ. ಇದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಲೇಬಾರದು ಎಂಬ ಬಗ್ಗೆ ನನಗೊಂದು ಅಭಿಪ್ರಾಯವೂ ಇದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.

ಗುಹೆಯೊಳಗೆ ಒಬ್ಬಂಟಿ

1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೊಸ ಬಗೆಯ ಆಟ ಬಂತು. ಅದನ್ನು ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಈ ಆಟದಲ್ಲಿ ಪ್ರತಿಯೊಬ್ಬರೂ ಒಂದು ಪಾತ್ರವಾಗುತ್ತಾರೆ: ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಹೀಗೆ. ಒಬ್ಬರು ಮಾತ್ರ ಕಥೆ ನಡೆಸುವವರು. ನೆಲದಡಿಯ ಗುಹೆಯ ನಕ್ಷೆ ಅವರ ಬಳಿ ಇರುತ್ತದೆ. ಯಾವ ಬಾಗಿಲ ಹಿಂದೆ ಯಾವ ರಾಕ್ಷಸ ಕಾದಿದ್ದಾನೆ ಎಂದು ಅವರಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. "ಎಡಗಡೆಯ ಬಾಗಿಲು ತೆರೆಯುತ್ತೇನೆ" ಎಂದು ನೀವು ಹೇಳಬೇಕು. ಒಳಗೆ ಏನಿದೆ ಎಂದು ಅವರು ಹೇಳುತ್ತಾರೆ. ಹೊಡೆದಾಟ ಬಂದರೆ ದಾಳ ಉರುಳಿಸಬೇಕು.

ಜೊತೆಗೆ ಆಡಲು ಯಾರೂ ಇಲ್ಲದಿದ್ದರೆ? ಈ ಪ್ರಶ್ನೆ ಬೇಗನೇ ಬಂತು. 1975ರಲ್ಲಿ 'ದಿ ಸ್ಟ್ರಾಟೆಜಿಕ್ ರಿವ್ಯೂ' ಎಂಬ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಗೈಗ್ಯಾಕ್ಸ್ ಒಬ್ಬರೇ ಆಡುವ ವಿಧಾನವನ್ನು ಬರೆದರು. ನಕ್ಷೆ ಮೊದಲೇ ಇರುವುದಿಲ್ಲ. ದಾಳ ಉರುಳಿಸಿ, ಬಂದ ಸಂಖ್ಯೆಯ ಎದುರು ಪಟ್ಟಿಯಲ್ಲಿ ಏನಿದೆಯೋ ಅದನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತಾ ಹೋಗಬೇಕು. ದಾರಿ ಬಲಕ್ಕೆ ತಿರುಗಿತು. ಒಂದು ಬಾಗಿಲು ಬಂತು. ಬಾಗಿಲ ಹಿಂದೆ ಒಂದು ಕೋಣೆ. ನೀವು ನಡೆದಂತೆ ಗುಹೆ ಹುಟ್ಟುತ್ತದೆ!

ಇನ್ನೊಂದು ದಾರಿಯೂ ಇತ್ತು. 1982ರಲ್ಲಿ ಇಂಗ್ಲೆಂಡಿನ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ 'ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್' ಎಂಬ ಪುಸ್ತಕ ತಂದರು. ಅದರಲ್ಲಿ 400 ತುಣುಕುಗಳಿವೆ. ನೀವು ಯಾವ ದಾರಿ ಹಿಡಿಯುತ್ತೀರಿ ಎಂಬುದರ ಮೇಲೆ ಮುಂದೆ ಯಾವ ಸಂಖ್ಯೆಯ ತುಣುಕು ಓದಬೇಕು ಎಂದು ಗೊತ್ತಾಗುತ್ತದೆ. ಸೊಗಸಾದ ಪುಸ್ತಕ. ಆದರೆ ಅದರ ಗುಟ್ಟು ಒಮ್ಮೆ ತಿಳಿದರೆ ಮುಗಿಯಿತು, ಮುಂದಿನ ಸಲವೂ ಗುಹೆ ಅದೇ. ದಾಳದ ಪಟ್ಟಿಗೆ ಆ ತೊಂದರೆ ಇಲ್ಲ.

ಪಟ್ಟಿ ಬರೆಯುವುದೇ ಜಾಣತನ

'ದಾಳ ಉರುಳಿಸುವುದರಲ್ಲಿ ಬುದ್ಧಿಗೇನು ಕೆಲಸ?' ಎಂದು ಹಿರಿಯರು ಕೇಳಬಹುದು. ಉರುಳಿಸುವುದರಲ್ಲಿ ಇಲ್ಲ, ನಿಜ. ಬುದ್ಧಿ ಬೇಕಾಗುವುದು ಪಟ್ಟಿ ಬರೆಯುವಾಗ.

ಮೊದಲ ಸಲ ಪಟ್ಟಿ ಮಾಡುವವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: 1 ಬಾವಲಿ, 2 ಹೆಗ್ಗಣ, 3 ಹಾವು, 4 ತೋಳ, 5 ರಾಕ್ಷಸ, 6 ಡ್ರ್ಯಾಗನ್. ಒಂದು ದಾಳದ ಆರು ಮುಖಗಳಿಗೂ ಸಮಾನ ಅವಕಾಶ. ಹಾಗಾಗಿ ಸರಾಸರಿ ಆರು ಕೋಣೆಗೊಂದು ಡ್ರ್ಯಾಗನ್ ಎದುರಾಗುತ್ತದೆ. ಸಂಜೆಯೊಳಗೆ ನೀವು ನಾಲ್ಕು ಡ್ರ್ಯಾಗನ್‌ಗಳನ್ನು ಕಂಡಿರುತ್ತೀರಿ. ಐದನೆಯದು ಬಂದಾಗ 'ಓ, ಮತ್ತೆ ಬಂತಾ' ಎನ್ನಿಸುತ್ತದೆ, ಹೆದರಿಕೆಯಾಗುವುದಿಲ್ಲ.

ಈಗ ಎರಡು ದಾಳ ಉರುಳಿಸಿ ಕೂಡಿ. 36 ಬಗೆಯಲ್ಲಿ ಅವು ಬೀಳಬಹುದು. ಮೊತ್ತ 7 ಆಗಲು ಆರು ದಾರಿಗಳಿವೆ: 1-6, 2-5, 3-4, 4-3, 5-2, 6-1. ಮೊತ್ತ 12 ಆಗಲು ಒಂದೇ ದಾರಿ, 6-6. ಬಾವಲಿಯನ್ನು 7ರ ಎದುರು, ಡ್ರ್ಯಾಗನ್ನನ್ನು 12ರ ಎದುರು ಬರೆಯಿರಿ. ಬಾವಲಿ 36ರಲ್ಲಿ ಆರು ಸಲ, ಡ್ರ್ಯಾಗನ್ 36ರಲ್ಲಿ ಒಂದು ಸಲ. ಈಗ ಡ್ರ್ಯಾಗನ್‌ಗೆ ಬೆಲೆ ಬಂತು! 1983ರಲ್ಲಿ ಬಂದ ಆ ಆಟದ ಪುಸ್ತಕವೊಂದರಲ್ಲಿ 8 ಮುಖದ ದಾಳ ಮತ್ತು 12 ಮುಖದ ದಾಳವನ್ನು ಒಟ್ಟಿಗೆ ಉರುಳಿಸುವ ಕ್ರಮವಿದೆ. 96 ಬಗೆಯಲ್ಲಿ ಅವು ಬೀಳುತ್ತವೆ. 9ರಿಂದ 13ರವರೆಗಿನ ಪ್ರತಿ ಮೊತ್ತಕ್ಕೂ ಎಂಟೆಂಟು ದಾರಿ, 2ಕ್ಕೆ ಮತ್ತು 20ಕ್ಕೆ ಒಂದೊಂದೇ ದಾರಿ. ಸಾಮಾನ್ಯ ಪ್ರಾಣಿಗಳು ನಡುವೆ, ಅಪರೂಪದವು ಎರಡೂ ತುದಿಯಲ್ಲಿ. ನೀವೇ ಹಾಳೆಯ ಮೇಲೆ ಬರೆದು ಎಣಿಸಿ ನೋಡಿ.

ನಿಮ್ಮ ಬಳಿ ಅಂಥ ದಾಳಗಳಿಲ್ಲ ಎಂದು ಪೇಚಾಡಬೇಡಿ. ಚೌಕಾಬಾರ ಆಡುವ ನಾಲ್ಕು ಕವಡೆ ಸಾಕು. ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜವಾದರೂ ಆದೀತು. ನಾಲ್ಕು ಬೀಜಗಳು 16 ಬಗೆಯಲ್ಲಿ ಬೀಳುತ್ತವೆ. ಎರಡು ಬಿಳಿ ಬೀಳುವುದು ಆರು ಬಗೆ. ಒಂದು ಬಿಳಿ ನಾಲ್ಕು ಬಗೆ, ಮೂರು ಬಿಳಿ ನಾಲ್ಕು ಬಗೆ. ನಾಲ್ಕೂ ಬಿಳಿಯಾಗುವುದು ಒಂದೇ ಬಗೆ, ಒಂದೂ ಬಿಳಿಯಿಲ್ಲದಿರುವುದೂ ಒಂದೇ ಬಗೆ. ಚೌಕಾಬಾರದಲ್ಲಿ ಈ ಕೊನೆಯ ಎರಡು ಗರ ಬಿದ್ದಾಗಲೇ ಅಲ್ಲವೇ ಇನ್ನೊಮ್ಮೆ ಹಾಕಲು ಅವಕಾಶ ಸಿಗುವುದು? ಆ ಆಟ ಕಟ್ಟಿದವರಿಗೆ ಯಾವುದು ಅಪರೂಪ ಎಂದು ಚೆನ್ನಾಗಿ ತಿಳಿದಿತ್ತು. ಆದರೆ ಈ ಲೆಕ್ಕ ಸರಿಬರಬೇಕಾದರೆ ಬೀಜದ ಎರಡೂ ಬದಿಗೆ ಸಮಾನ ಅವಕಾಶ ಇರಬೇಕು. ಇದೆಯೇ? ಒಂದು ಬೀಜವನ್ನು 100 ಸಲ ಹಾಕಿ, ಬಿಳಿ ಎಷ್ಟು ಸಲ ಬಂತೆಂದು ಗೀಟು ಎಳೆದು ಎಣಿಸಿ. 48 ಅಥವಾ 53 ಬಂದರೆ ಚಿಂತೆಯಿಲ್ಲ. 70 ಬಂದರೆ ಆ ಬೀಜವನ್ನು ಮೂಲೆಗೆಸೆದು ಬೇರೊಂದು ತನ್ನಿ.

ಪಟ್ಟಿಯಲ್ಲಿ 'ಏನೂ ಇಲ್ಲ' ಎಂಬ ಸಾಲು ಇರಲೇಬೇಕು. ಇದನ್ನು ಮಕ್ಕಳು ಮಾತ್ರವಲ್ಲ, ದೊಡ್ಡವರೂ ಮರೆಯುತ್ತಾರೆ. 1979ರಲ್ಲಿ ಗೈಗ್ಯಾಕ್ಸ್ ಪ್ರಕಟಿಸಿದ ಕೈಪಿಡಿಯಲ್ಲಿ ಕೋಣೆಯೊಳಗೆ ಏನಿದೆ ಎಂದು ತಿಳಿಯಲು 20 ಮುಖದ ದಾಳ ಉರುಳಿಸಬೇಕು. 1ರಿಂದ 12ರವರೆಗೆ ಏನು ಬಂದರೂ ಕೋಣೆ ಖಾಲಿ! ಇಪ್ಪತ್ತರಲ್ಲಿ ಹನ್ನೆರಡು ಪಾಲು ಬರಿದು. ಮೂರು ಖಾಲಿ ಕೋಣೆ ದಾಟಿದ ಮೇಲೆ ನಾಲ್ಕನೆಯ ಬಾಗಿಲ ಮುಂದೆ ಎದೆ ಹೊಡೆದುಕೊಳ್ಳುವುದು ಆ ಬರಿದಿನಿಂದಲೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 'ಮೂವತ್ತು ಕೋಣೆ ದಾಟಿದೆ, ಡ್ರ್ಯಾಗನ್ ಬಂದಿಲ್ಲ, ಇನ್ನು ಬಂದೇ ಬರಬೇಕು' ಎಂದುಕೊಳ್ಳಬೇಡಿ. ದಾಳಕ್ಕೆ ನೆನಪಿಲ್ಲ. ಮೂವತ್ತೊಂದನೆಯ ಸಲವೂ ಅವಕಾಶ 36ರಲ್ಲಿ ಒಂದೇ. ನೂರು ಮಕ್ಕಳು ತಲಾ 36 ಕೋಣೆ ಹೊಕ್ಕರೆ, ಸುಮಾರು 64 ಮಂದಿಗೆ ಒಮ್ಮೆಯಾದರೂ ಡ್ರ್ಯಾಗನ್ ಸಿಕ್ಕೀತು. ಉಳಿದ 36 ಮಂದಿ ಅದನ್ನು ನೋಡದೆಯೇ ಮನೆಗೆ ಹೋಗುತ್ತಾರೆ.

ನೆನಪಿರುವ ಸಾಧನ ಬೇಕಾದರೆ ಚೀಟಿ ಬಳಸಿ. ಡಬ್ಬಿಯಲ್ಲಿ ಆರು ಚೀಟಿ ಹಾಕಿ, ಒಂದನ್ನು ತೆಗೆದು ಹೊರಗಿಟ್ಟರೆ ಅದು ಮತ್ತೆ ಬರುವುದಿಲ್ಲ, ಉಳಿದವುಗಳ ಅವಕಾಶ ಹೆಚ್ಚುತ್ತದೆ. ಹತ್ತು ಬಾವಲಿ ಬಂದರೂ ಪರವಾಗಿಲ್ಲ. ಆದರೆ ಗುಹೆಯ ಒಡೆಯನಾದ ಮುದಿ ರಾಕ್ಷಸ ಇರುವುದು ಒಬ್ಬನೇ. ಅವನಿಗೆ ಚೀಟಿಯೇ ಸರಿ.

ಬಾಯಿಲ್ಲದ ಲಕೋಟೆ

ರಾಕ್ಷಸರ ಕೆಲಸ ಸುಲಭ. ಪತ್ತೇದಾರಿ ಕಥೆಯ ಕೆಲಸ ಕಷ್ಟ. ಯಾಕೆಂದು ಹೇಳುತ್ತೇನೆ.

ನಾಲ್ಕು ಜನರ ಮೇಲೆ ಅನುಮಾನವಿದೆ ಎನ್ನಿ. ನಾಲ್ಕು ಚೀಟಿಯಲ್ಲಿ ಹೆಸರು ಬರೆದು, ನೋಡದೆ ಒಂದನ್ನು ತೆಗೆದು ಲಕೋಟೆಯಲ್ಲಿ ಹಾಕಿ ಅಂಟಿಸಿದಿರಿ. ಕಳ್ಳ ಯಾರೆಂದು ಈಗ ನಿಜವಾಗಿಯೂ ನಿಮಗೆ ಗೊತ್ತಿಲ್ಲ. ಸರಿ. ಆದರೆ ಸುಳಿವು ಕೊಡುವವರು ಯಾರು? ಲಕೋಟೆಗೆ ಎಲ್ಲ ಗೊತ್ತು, ಅದಕ್ಕೆ ಬಾಯಿಲ್ಲ. ತೆರೆದು ನೋಡಿ ಸುಳಿವು ಬರೆಯೋಣವೆಂದರೆ ಗುಟ್ಟು ರಟ್ಟಾಗುತ್ತದೆ. 1949ರಲ್ಲಿ ಬಂದ 'ಕ್ಲೂಡೊ' ಎಂಬ ಇಂಗ್ಲಿಷ್ ಆಟದಲ್ಲಿಯೂ ಇಂಥದೇ ಲಕೋಟೆ ಇದೆ. ಆರು ಜನ, ಆರು ಆಯುಧ, ಒಂಬತ್ತು ಕೋಣೆ, ಒಟ್ಟು 324 ಉತ್ತರಗಳು. ಆದರೆ ಅಲ್ಲಿ ಉಳಿದ ಕಾರ್ಡುಗಳು ಬೇರೆ ಆಟಗಾರರ ಕೈಯಲ್ಲಿರುತ್ತವೆ, ಅವರನ್ನು ಕೇಳಿ ಕೇಳಿ ತಿಳಿಯಬಹುದು. ಒಬ್ಬರೇ ಆಡುವಾಗ ಯಾರನ್ನು ಕೇಳುವುದು?

ಹಾಗಾಗಿ ಇಡೀ ಕ್ರಮವನ್ನು ತಿರುಗಿಸಬೇಕು. ಕಳ್ಳನನ್ನು ಮೊದಲು ನಿರ್ಧರಿಸಬೇಡಿ. ಡಬ್ಬಿಯಲ್ಲಿ ನಾಲ್ವರ ಹೆಸರಿನ ಒಂದೊಂದು ಚೀಟಿ ಇರಲಿ. ದಾಳ ಉರುಳಿಸಿ ಸುಳಿವು ಪಡೆಯಿರಿ. ಆ ಸುಳಿವು ಯಾರ ಕಡೆ ಬೆರಳು ತೋರಿಸುತ್ತದೋ ಅವರ ಹೆಸರಿನ ಇನ್ನೊಂದು ಚೀಟಿ ಡಬ್ಬಿಗೆ ಹಾಕಿ. ಸುಳಿವು ಹೆಚ್ಚಿದಂತೆ ಕೆಲವರ ಚೀಟಿ ಹೆಚ್ಚುತ್ತದೆ. ಕೊನೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಎತ್ತಿ. ಹೆಚ್ಚು ಸುಳಿವು ಇದ್ದವರೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು, ಆದರೆ ಖಚಿತವಲ್ಲ. 'ಹೆಚ್ಚು ಸಾಧ್ಯ' ಮತ್ತು 'ಖಚಿತ' ಎಂಬ ಎರಡು ಮಾತಿನ ನಡುವಿನ ಅಂತರವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಆಟ ನನಗೆ ಗೊತ್ತಿಲ್ಲ.

ಸುಳಿವು ಯಾರ ಕಡೆ ತೋರಿಸುತ್ತದೆ ಎಂಬುದನ್ನೂ ದಾಳವೋ ನಾಣ್ಯವೋ ನಿರ್ಧರಿಸಲಿ, ನೀವು ನಿರ್ಧರಿಸಬೇಡಿ ಎಂದು ನಾನು ಹಟ ಹಿಡಿಯುತ್ತೇನೆ. ಅದಕ್ಕೆ ಕಾರಣವಿದೆ. ಮೊದಮೊದಲು ನಾನು ದಾಳವಿಲ್ಲದೆ ತಲೆಯಿಂದಲೇ ಮೂರು ಪತ್ತೇದಾರಿ ಕಥೆ ಕಟ್ಟಿದ್ದೆ. ಬಹಳ ದಿನಗಳ ಮೇಲೆ ಅವನ್ನು ಒಟ್ಟಿಗೆ ಓದಿದಾಗ ನಾಚಿಕೆಯಾಯಿತು. ಮೂರರಲ್ಲೂ ಕಳ್ಳ ಊರಿನವನಲ್ಲ! ಒಂದರಲ್ಲಿ ಗುಜರಿ ವ್ಯಾಪಾರಿ, ಒಂದರಲ್ಲಿ ಬಳೆ ಮಾರುವವನು, ಇನ್ನೊಂದರಲ್ಲಿ ಸರ್ಕಸ್ಸಿನವನು. ಅವರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಹಾಗೆ ಬರೆಯಬೇಕೆಂದು ಯೋಚಿಸಿಯೂ ಇರಲಿಲ್ಲ. ಕೈ ತಾನಾಗಿ ಆ ಕಡೆ ಹೋಗಿತ್ತು. ದಾಳಕ್ಕೆ ಯಾರ ಊರೂ ಗೊತ್ತಿಲ್ಲ, ಯಾರ ಬಟ್ಟೆ ಹರಿದಿದೆ ಎಂದೂ ಗೊತ್ತಿಲ್ಲ.

ಇದು ಆಟದ ಮಾತಷ್ಟೇ ಅಲ್ಲ. ಕ್ಷಯ ರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಕೆಲಸ ಮಾಡುತ್ತದೆಯೇ ಎಂಬ ಬ್ರಿಟನ್ನಿನ ಪರೀಕ್ಷೆಯ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. 107 ರೋಗಿಗಳು. ಅವರಲ್ಲಿ ಯಾರಿಗೆ ಔಷಧಿ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ವೈದ್ಯರು ಆರಿಸಲಿಲ್ಲ. ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಗೊತ್ತುಗುರಿಯಿಲ್ಲದ ಸಂಖ್ಯೆಗಳ ಪಟ್ಟಿಯಿಂದ ಅದನ್ನು ನಿರ್ಧರಿಸಿ ಲಕೋಟೆಗಳಲ್ಲಿ ಮುಚ್ಚಿಟ್ಟಿದ್ದರು. ಯಾಕೆ? ಒಳ್ಳೆಯ ವೈದ್ಯರ ಕೈಯೂ ತಾನಾಗಿ ಒಂದು ಕಡೆ ಹೋಗಬಹುದು. ಗಟ್ಟಿಮುಟ್ಟಾದವರಿಗೇ ಔಷಧಿ ಕೊಟ್ಟು, ಅವರು ಗುಣವಾದರೆ ಅದು ಔಷಧಿಯ ಗುಣವೋ ದೇಹದ ಗುಣವೋ ತಿಳಿಯುವುದು ಹೇಗೆ?

ಒಮ್ಮೆ ಬಿದ್ದದ್ದು ಬಿದ್ದಂತೆ

ದಾಳ ಬಿದ್ದ ಮೇಲೆ 'ಇದು ಬೇಡ, ಇನ್ನೊಮ್ಮೆ' ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಒಬ್ಬರೇ ಆಡುವಾಗ ನೋಡುವವರೂ ಇಲ್ಲ. ಅದರ ಲೆಕ್ಕ ನೋಡಿ: 12 ಬಿದ್ದಾಗಲೆಲ್ಲ ಹೆದರಿ ಇನ್ನೊಮ್ಮೆ ಉರುಳಿಸಿದರೆ, ಡ್ರ್ಯಾಗನ್ ಬರಬೇಕಾದರೆ ಎರಡು ಸಲವೂ 12 ಬೀಳಬೇಕು. 36ರಲ್ಲಿ ಒಂದು ಇದ್ದದ್ದು 1,296ರಲ್ಲಿ ಒಂದಾಯಿತು. ಡ್ರ್ಯಾಗನ್ನನ್ನು ಪಟ್ಟಿಯಿಂದ ಅಳಿಸಿದಂತೆಯೇ. ಬೇಡವಾದರೆ ಉರುಳಿಸುವ ಮುಂಚೆಯೇ ಅಳಿಸಿ, ಅದು ಪ್ರಾಮಾಣಿಕ. 2003ರಲ್ಲಿ ಬಂದ 'ಮಿಥಿಕ್' ಎಂಬ ಆಟದಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರದ ಪ್ರಶ್ನೆ ಕೇಳಬೇಕು. 'ಬಾಗಿಲಿಗೆ ಬೀಗ ಹಾಕಿದೆಯೇ?' ಹೌದು ಎನ್ನುವ ಸಾಧ್ಯತೆ ಎಷ್ಟೆಂದು ಮೊದಲು ಗೊತ್ತುಮಾಡಿ, ಆಮೇಲೆ ದಾಳ. ಈ ಕ್ರಮ ನನಗೆ ಬಹಳ ಸರಿ ಎನ್ನಿಸುತ್ತದೆ. ಪ್ರಯೋಗಕ್ಕೆ ಮುಂಚೆ 'ಏನಾಗಬಹುದು' ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹಾಗೆ.

ಇನ್ನು, ಬಳಸಲೇಬಾರದ ಜಾಗ. ನಿಮ್ಮ ತರಗತಿಯಲ್ಲಿ ನಿಜವಾಗಿಯೂ ಒಂದು ಪೆನ್ನು ಕಳೆದರೆ ಚೀಟಿ ಎತ್ತಿ ಕಳ್ಳನನ್ನು ಹುಡುಕಬೇಡಿ. ಕವಡೆ ಹಾಕಿ, ಕಳೆದ ವಸ್ತು ಯಾರ ಬಳಿ ಇದೆ ಎಂದು ಹೇಳುವವರನ್ನು ನೀವು ಕಂಡಿರಬಹುದು ಅಥವಾ ಕೇಳಿರಬಹುದು. ಆಟದಲ್ಲಿ ಚೀಟಿ ಎತ್ತುವವರೆಗೆ ಕಳ್ಳನೇ ಇರುವುದಿಲ್ಲ. ಚೀಟಿಯೇ ಕಳ್ಳನನ್ನು ಸೃಷ್ಟಿಸುತ್ತದೆ. ನಿಜ ಜೀವನದಲ್ಲಿ ಪೆನ್ನು ತೆಗೆದವರು ಆಗಲೇ ತೆಗೆದಾಗಿದೆ. ಅಥವಾ ಯಾರೂ ತೆಗೆಯದೆ ಅದು ಬೆಂಚಿನ ಕೆಳಗೆ ಬಿದ್ದಿದೆ. ಕವಡೆ ಅದನ್ನು ನೋಡಿಲ್ಲ. ಆದರೂ ಅದರ ಮಾತಿಗೆ ಒಬ್ಬ ಹುಡುಗನೋ ಹುಡುಗಿಯೋ ವರ್ಷವಿಡೀ ಕಳ್ಳ ಎನ್ನಿಸಿಕೊಳ್ಳಬೇಕಾಗುತ್ತದೆ. ಅಂಥ ಕಡೆ ಬೆಂಚಿನ ಕೆಳಗೆ ಬಗ್ಗಿ ನೋಡಬೇಕು, ಕೇಳಬೇಕು, ವಿಚಾರಿಸಬೇಕು.

ಕಾಣೆಯಾದ ಗಂಟೆ

ಕಳೆದ ಭಾನುವಾರ ನಾನು ಆಡಿದ ಆಟವನ್ನು ಹೇಳಿ ಮುಗಿಸುತ್ತೇನೆ. ಒಂದು ಊರಿನ ಶಾಲೆಯ ಕಂಚಿನ ಗಂಟೆ ಕಾಣೆಯಾಗಿದೆ. ಅನುಮಾನ ನಾಲ್ವರ ಮೇಲೆ: ಗುಜರಿ ವ್ಯಾಪಾರಿ, ಒಂದು ಮಂಗ, ದಿನವೂ ತಡವಾಗಿ ಬರುವ ಏಳನೇ ತರಗತಿಯ ಹುಡುಗ ಮತ್ತು ಹೆಡ್‌ಮಾಸ್ಟರು. (ಹೆಡ್‌ಮಾಸ್ಟರನ್ನು ಯಾಕೆ ಬಿಡಬೇಕು?) ಸುಳಿವುಗಳ ಪಟ್ಟಿ: 1 ಬೂದಿ, 2 ಹಗ್ಗದ ಚೂರು, 3 ಒದ್ದೆ ಹೆಜ್ಜೆ, 4 ಬಾಳೆಹಣ್ಣಿನ ಸಿಪ್ಪೆ, 5 ಮುರಿದ ಸೀಮೆಸುಣ್ಣ, 6 ಬಸ್ ಟಿಕೆಟ್. ಸುಳಿವು ಯಾರದೆಂದು ತಿಳಿಯಲು ಒಂದು ರೂಪಾಯಿ ಮತ್ತು ಎರಡು ರೂಪಾಯಿಯ ನಾಣ್ಯಗಳನ್ನು ಒಟ್ಟಿಗೆ ಚಿಮ್ಮುವುದು. ಎರಡರಲ್ಲೂ ಸಿಂಹ ಬಿದ್ದರೆ ವ್ಯಾಪಾರಿ, ಎರಡರಲ್ಲೂ ಅಂಕಿ ಬಿದ್ದರೆ ಹೆಡ್‌ಮಾಸ್ಟರು. ಒಂದು ರೂಪಾಯಿಯಲ್ಲಿ ಮಾತ್ರ ಸಿಂಹ ಬಿದ್ದರೆ ಮಂಗ, ಎರಡು ರೂಪಾಯಿಯಲ್ಲಿ ಮಾತ್ರ ಬಿದ್ದರೆ ಹುಡುಗ. ನಾಣ್ಯಗಳು ಬೇರೆ ಬೇರೆ ಇರಬೇಕು, ಇಲ್ಲದಿದ್ದರೆ ಕೊನೆಯ ಎರಡನ್ನು ಗುರುತಿಸಲಾಗದು.

ಮೊದಲ ಸುಳಿವು ಬೂದಿ, ಹೆಡ್‌ಮಾಸ್ಟರ ಚಪ್ಪಲಿಯಲ್ಲಿ. ಎರಡನೆಯದು ಬಾಳೆಹಣ್ಣಿನ ಸಿಪ್ಪೆ. ಮಂಗನದೇ ಇರಬೇಕೆಂದು ನಗುತ್ತಾ ನಾಣ್ಯ ಚಿಮ್ಮಿದರೆ ಅದೂ ಹೆಡ್‌ಮಾಸ್ಟರದೇ, ಅವರ ಮೇಜಿನ ಕೆಳಗೆ! ಮೂರನೆಯದು ಬಸ್ ಟಿಕೆಟ್, ವ್ಯಾಪಾರಿಯ ಜೇಬಿನಲ್ಲಿ. ಈಗ ಡಬ್ಬಿಯಲ್ಲಿ ಏಳು ಚೀಟಿ: ಹೆಡ್‌ಮಾಸ್ಟರದು ಮೂರು, ವ್ಯಾಪಾರಿಯದು ಎರಡು, ಮಂಗನದು ಒಂದು, ಹುಡುಗನದು ಒಂದು. ಹೆಡ್‌ಮಾಸ್ಟರು ಸಿಕ್ಕಿಬಿದ್ದರೆಂದೇ ನಾನು ಅಂದುಕೊಂಡೆ.

ಚೀಟಿ ಎತ್ತಿದೆ. ಹುಡುಗ! ಒಂದೂ ಸುಳಿವಿಲ್ಲದವನು. ಏಳರಲ್ಲಿ ಒಂದು ಅವಕಾಶ. ವಾಪಸ್ಸು ಹಾಕಿ ಇನ್ನೊಮ್ಮೆ ಎತ್ತಲು ಕೈ ತುರಿಸಿತು. ತಡೆದುಕೊಂಡು, ಹಾಳೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕುಳಿತೆ. ಹುಡುಗ ಗಂಟೆ ಯಾಕೆ ತೆಗೆದ? ಮಾರಲೆಂದೇ? ಆಮೇಲೆ ಹೊಳೆಯಿತು. ಗಂಟೆ ಬಾರಿಸದಿದ್ದರೆ ಯಾರೂ ತಡವಾಗಿ ಬಂದಂತಾಗುವುದಿಲ್ಲ! ಗಂಟೆಯನ್ನು ಅವನು ಬಿಸಿಯೂಟದ ಅಡುಗೆಮನೆಯ ಹಿಂದಿನ ಬೂದಿ ಗುಡ್ಡೆಯಲ್ಲಿ ಹೂತಿಟ್ಟಿದ್ದ. ದಿನವೂ ಊಟದ ರುಚಿ ನೋಡಲು ಹೋಗುವ ಹೆಡ್‌ಮಾಸ್ಟರ ಚಪ್ಪಲಿಗೆ ಅಲ್ಲಿಂದಲೇ ಬೂದಿ ಮೆತ್ತಿತ್ತು. ಬಾಳೆಹಣ್ಣನ್ನೂ ಅವರು ಅಲ್ಲಿಂದಲೇ ತಂದು ತಿಂದಿದ್ದರು, ಅಷ್ಟೇ.

ವ್ಯಾಪಾರಿಯ ಬಸ್ ಟಿಕೆಟ್ ಮಾತ್ರ ಯಾವುದಕ್ಕೂ ಹೊಂದಲಿಲ್ಲ. ಅವರು ಎಲ್ಲಿಂದ ಬಂದರು, ಯಾರನ್ನು ನೋಡಲು ಬಂದರು? ಟಿಕೆಟ್ಟನ್ನು ಹೊಸ ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಭಾನುವಾರ ಅಲ್ಲಿಂದ ಆಟ ಶುರು.